ಅಪ್ಪನ ಪ್ಲೇಟುಗಳಿಗೆ ಕವರು ಹುಡುಕಿದ್ದು

ಒಂದು ಪ್ಲಾಸ್ಟಿಕ್ ಕವರು ಆರಿಸಲು ಬುದ್ಧಿ ನೆಟ್ಟಗಿರುವ ಮನುಷ್ಯರಿಗೆ ಎಷ್ಟು ದಿನ ಬೇಕು? ಅಂಗಡಿಗೆ ಹೋಗಿ, ಬೆರಳಲ್ಲಿ ಮುಟ್ಟಿ ನೋಡಿ, ಇದನ್ನೇ ಕೊಡಪ್ಪ ಎಂದು ತರುವ ಸಾಮಾನು ಅದು. ನನಗೆ ಐದು ತಿಂಗಳು ಹಿಡಿಯಿತು. ಆ ಐದು ತಿಂಗಳಲ್ಲಿ ಕವರು ಮಾರುವವರ ಮೇಲೆ, ಅದನ್ನು ತಂದುಕೊಟ್ಟ ಕೊರಿಯರಿನವನ ಮೇಲೆ, ನಮ್ಮನೆಯವರ ಮೇಲೆ, ತೀರಿಕೊಂಡು ಎಷ್ಟೋ ವರ್ಷವಾದ ಅಪ್ಪನ ಮೇಲೆ, ಬದುಕಿರುವ ಅವ್ವನ ಮೇಲೆ, ಕೊನೆಗೆ ಒಬ್ಬ ಒಳ್ಳೆಯ ಸ್ನೇಹಿತರ ಮೇಲೆ ಸಿಟ್ಟು ಮಾಡಿಕೊಂಡೆ. ಮೊದಲಿನವೆಲ್ಲ ಇಳಿದವು. ಕೊನೆಯದು ಇಳಿದಿಲ್ಲ. ಇಳಿಯುವುದಕ್ಕೆ ಮುಂಚೆ ಬರೆದಿಟ್ಟುಬಿಡೋಣ ಎಂದು ಕೂತಿದ್ದೇನೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹೆಸರು ಸುಜಾತ. ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಗಳ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಕಡೂರು, ಅಜ್ಜಂಪುರ, ತರೀಕೆರೆ ಎಂದು ಈ ಮೂರೇ ಊರುಗಳ ನಡುವೆ ವರ್ಗವಾಗಿ ಓಡಾಡಿದವಳು. ಈ ಸೀಮೆಯಲ್ಲಿ ನಾನು ಬೆರಳು ಚುಚ್ಚದ ಮನೆತನವಿಲ್ಲ ಎಂದು ಜಂಬ ಕೊಚ್ಚಿಕೊಳ್ಳಬಹುದು. ಈಗ ನಿವೃತ್ತಿಯಾಗಿ ತರೀಕೆರೆಯಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿದ್ದೇವೆ. ಬೆಳಗ್ಗೆ ಐದಕ್ಕೇ ಕಂಡಕ್ಟರುಗಳು ನಮ್ಮನ್ನು ಶಿವಮೊಗ್ಗಕ್ಕೂ ಚಿಕ್ಕಮಗಳೂರಿಗೂ ಕರೆಯಲು ಶುರುಮಾಡುತ್ತಾರೆ. ಮನೆಯಲ್ಲಿ ನಾನು, ನಮ್ಮನೆಯವರು, ಎಂಬತ್ತು ದಾಟಿದ ಅವ್ವ, ಮೂರೇ ಜನ. ನಮ್ಮನೆಯವರು ಲಕ್ಕವಳ್ಳಿ ಡ್ಯಾಮಿನಲ್ಲಿ ಗೇಟು ಎತ್ತುವ, ಇಳಿಸುವ ಕೆಲಸದಲ್ಲಿದ್ದವರು. ಅಷ್ಟೊಂದು ನೀರು ಸುಮ್ಮನೆ ನಿಂತಿರುವುದನ್ನು ನೋಡಿ ನೋಡಿಯೋ ಏನೋ, ಅವರಿಗೆ ಯಾವುದಕ್ಕೂ ಅವಸರವಿಲ್ಲ. ನಾನು ಕೂಗಾಡುವಾಗ ಗೋಡೆಯ ಮೇಲಿನ ಬುದ್ಧನ ಪಟದ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡುತ್ತಾರೆ. ಬಾಯಿ ಬಿಡುವುದಿಲ್ಲ. ಅದರಿಂದ ನನ್ನ ಬಿ.ಪಿ. ಇನ್ನಷ್ಟು ಏರುತ್ತದೆ.

ಆ ಪಟ ಅಪ್ಪ ತಂದು ಹಾಕಿದ್ದು. ಅಜ್ಜಂಪುರದಲ್ಲಿ ಅಪ್ಪನದು ಮೈಕ್ ಸೆಟ್ಟಿನ ಕಸುಬು. ಎರಡು ಹಾರನ್ನು, ಒಂದು ಆಂಪ್ಲಿಫೈಯರ್, ಬ್ಯಾಟರಿ, ಹಾಡು ಹಾಕುವ ಪೆಟ್ಟಿಗೆ, ಎರಡು ಟ್ರಂಕಿನ ತುಂಬ ಪ್ಲೇಟು. ಈಗಿನವರು ವಿನೈಲ್ ರೆಕಾರ್ಡ್ ಎಂದು ನಾಲಿಗೆ ಹೊರಳಿಸಿ ಕರೆಯುವ ಸಾಮಾನಿಗೆ ನಮ್ಮ ಕಡೆ ಪ್ಲೇಟು ಎಂದೇ ಹೆಸರು. ಊಟದ ಪ್ಲೇಟಿನಷ್ಟಗಲ ಇರುವುದು ದೊಡ್ಡದು, ಬೋಂಡ ಕೊಡುವ ತಟ್ಟೆಯಷ್ಟಿರುವುದು ಚಿಕ್ಕದು. ಮದುವೆ, ನಾಮಕರಣ, ನಾಟಕ, ಎಲೆಕ್ಷನ್ ಭಾಷಣ, ಎಲ್ಲಕ್ಕೂ ಅಪ್ಪ ಬೇಕಿತ್ತು. ಕಡೂರಿನಿಂದ ಹಿಡಿದು ಶಿವನಿಯವರೆಗೆ ಆ ಎರಡು ಹಾರನ್ನುಗಳಿಗೆ ಕಿವಿ ಕೊಡದೆ ಗಂಡು ಹೆಣ್ಣು ಒಂದಾದ ಮನೆಗಳು ಕಡಿಮೆ.

ಅಪ್ಪ ಹೋದ ಮೇಲೆ ಟ್ರಂಕುಗಳು ಅವ್ವನ ಜೊತೆ ನಮ್ಮ ಮನೆಗೆ ಬಂದವು. ಸರ್ವಿಸಿನಲ್ಲಿದ್ದಷ್ಟು ದಿನ ಅವುಗಳ ಮೇಲೆ ಇಸ್ತ್ರಿ ಬಟ್ಟೆ ಪೇರಿಸಿಡುತ್ತಿದ್ದೆ. ನಿವೃತ್ತಿಯಾದ ಮೇಲೆ ಒಂದು ಮಧ್ಯಾಹ್ನ ಬೀಗ ತೆಗೆದೆ. ಗಪ್ಪೆಂದು ಒಂದು ವಾಸನೆ ಬಂತು. ಹೊಸ ಚಪ್ಪಲಿ ಅಂಗಡಿಯದೂ ಹಳೆಯ ಔಷಧಿ ಬೀರುವಿನದೂ ಸೇರಿದಂಥ ವಾಸನೆ. ಪ್ಲೇಟು ಇರುವುದು ಚಿತ್ರ ಅಚ್ಚಾದ ರಟ್ಟಿನ ಲಕೋಟೆಯೊಳಗೆ. ಆ ರಟ್ಟಿನ ಮೇಲೆ ಒಂದೊಂದಕ್ಕೂ ಅಪ್ಪ ದಪ್ಪ ಪ್ಲಾಸ್ಟಿಕ್ಕಿನ ಕವರು ಹಾಕಿದ್ದ. ಅದು ಹಳದಿಗಟ್ಟಿ, ಅಂಟಂಟಾಗಿ, ರಟ್ಟನ್ನು ಹಿಡಿದುಕೊಂಡುಬಿಟ್ಟಿತ್ತು. ಒಂದನ್ನು ಎಳೆದೆ. ಅದರ ಜೊತೆ ರಟ್ಟಿನ ಮೇಲಿದ್ದ ಹೆಣ್ಣುಮಗಳ ಅರ್ಧ ಮುಖವೂ ಎದ್ದುಬಂತು.

ಅಲ್ಲಿಂದ ಶುರುವಾಯಿತು ನನ್ನ ಕವರಿನ ಹುಚ್ಚು. ಮೊಬೈಲಿನಲ್ಲಿ ಓದಿದೆ. ಅಪ್ಪ ಹಾಕಿದ್ದು ಪಿ.ವಿ.ಸಿ.; ಅದನ್ನು ಮೆತ್ತಗೆ ಮಾಡಲು ಸೇರಿಸಿದ ಎಣ್ಣೆಯಂಥ ವಸ್ತು ವರ್ಷ ಕಳೆದಂತೆ ಬೆವರಿ ಹೊರಬಂದು ಬಣ್ಣವನ್ನು ತಿನ್ನುತ್ತದೆ. ಅದರ ಬದಲು ಪಾಲಿಥೀನಿನದು ಹಾಕಬಹುದು. ಮೆತ್ತಗೆ, ಆದರೆ ಸ್ವಲ್ಪ ಮಬ್ಬು. ಪಾಲಿಪ್ರೊಪಿಲೀನಿನದು ಹಾಕಬಹುದು, ಗಾಜಿನಂತೆ ತಿಳಿ, ಆದರೆ ಮುಟ್ಟಿದರೆ ಚರಚರ ಎನ್ನುತ್ತದೆ. ಬಾಯಿ ತೆರೆದದ್ದು, ಮಡಿಚಿ ಅಂಟಿಸುವಂಥದ್ದು, ಎಷ್ಟು ಮೈಕ್ರಾನು ದಪ್ಪ, ಎಷ್ಟು ಇಂಚು ಅಗಲ, ಒಂದೇ ಎರಡೇ. ರಕ್ತದ ಬಾಟಲಿಗೆ ಚೀಟಿ ಅಂಟಿಸುವಾಗಲೂ ನಾನು ಇಷ್ಟು ಯೋಚನೆ ಮಾಡಿದವಳಲ್ಲ.

ಮೊದಲು ತರಿಸಿದ ಕವರಿನ ಮೇಲೆ ಹನ್ನೆರಡು ಇಂಚು ಎಂದಿತ್ತು. ನನ್ನ ಪ್ಲೇಟೂ ಹನ್ನೆರಡು ಇಂಚು. ಪ್ಲೇಟಿನ ಸುತ್ತ ರಟ್ಟು ಎಂಬುದೊಂದಿರುತ್ತದೆ, ಅದು ಪ್ಲೇಟಿಗಿಂತ ಅಗಲವಿರುತ್ತದೆ ಎಂದು ಆ ಕವರು ಮಾಡಿದ ಮಹಾನುಭಾವರಿಗೂ ಹೊಳೆದಿರಲಿಲ್ಲ, ಕೊಂಡ ನನಗೂ ಹೊಳೆದಿರಲಿಲ್ಲ. ಹಟ ಹಿಡಿದು ತುರುಕಿದೆ. ರಟ್ಟಿನ ಒಂದು ಅಂಚು ಸೀಳಿತು. ಫೋನ್ ಮಾಡಿದರೆ ಒಂದು ಹುಡುಗಿ ಹಿಂದಿಯಲ್ಲಿ ಬಹಳ ವಿನಯದಿಂದ ನನ್ನನ್ನು ಕಾಯಿಸಿದಳು. ಎರಡನೆಯ ಸಲ ಬಂದದ್ದು ಅಂಟಿನ ಬಾಯಿಯದು. ಪ್ಲೇಟು ಒಳಗೆ ಹಾಕುವಾಗ ಆ ಅಂಟು ರಟ್ಟಿಗೇ ಕಚ್ಚಿಕೊಂಡು, ಬಿಡಿಸಿದರೆ ಅಪ್ಪನ ರಬ್ಬರ್ ಸ್ಟಾಂಪಿದ್ದ ಜಾಗವನ್ನೇ ಕಿತ್ತುಕೊಂಡು ಬಂತು. ಅಜ್ಜಂಪುರ ಎಂಬಲ್ಲಿ ಬರೀ ಪುರ ಉಳಿಯಿತು. ಕೊರಿಯರಿನವನು ಮೂರನೆಯ ಸಲ ಬಂದಾಗ ಕಟ್ಟನ್ನು ನನ್ನ ಬಾಯಿಗೆ ಹೆದರಿ ಗೇಟಿನ ಮೇಲಿಂದಲೇ ಚಾಚಿ ಕೊಟ್ಟು ಓಡಿಹೋದ.

"ಜಯಣ್ಣನ್ನ ಕೇಳ್ಬಾರ್ದಾ?" ಎಂದರು ನಮ್ಮನೆಯವರು. ತಿಂಗಳಿಗೆ ಅವರು ಆಡುವ ಕೆಲವೇ ಮಾತುಗಳಲ್ಲಿ ಅದೊಂದು.

ಜಯಣ್ಣ ಅಡಿಕೆ ಮಂಡಿಯವರು. ವಯಸ್ಸಿನಲ್ಲಿ ನನಗಿಂತ ಏಳೆಂಟು ವರ್ಷ ಚಿಕ್ಕವರು. ಅವರ ಸಕ್ಕರೆ ಕಾಯಿಲೆ ಮೊದಲು ಕಣ್ಣಿಗೆ ಬಿದ್ದದ್ದು ನನ್ನ ಲ್ಯಾಬಿನಲ್ಲಿ; ಅಲ್ಲಿಂದ ಬೆಳೆದ ಸ್ನೇಹ. ಅವರಿಗೆ ಹಳೆಯ ಪ್ಲೇಟು ಕೂಡಿಡುವ ಹವ್ಯಾಸ. ಮನೆಯ ಮಹಡಿಯಲ್ಲಿ ಅದಕ್ಕೊಂದು ಕೋಣೆ, ತೇಗದ ಕಪಾಟು, ಪ್ಲೇಟುಗಳನ್ನು ಮಲಗಿಸಬಾರದು, ನಿಲ್ಲಿಸಬೇಕು ಎಂಬ ನಿಯಮ. ಮಕ್ಕಳ ಹೆಸರು ಮರೆತರೂ ಯಾವ ಪ್ಲೇಟು ಎಲ್ಲಿದೆ ಎಂದು ಮರೆಯುವವರಲ್ಲ. ಹೇಳಿ ಕಳುಹಿಸಿದ ಭಾನುವಾರವೇ ಒಂದು ಚೀಲದಲ್ಲಿ ನಾಲ್ಕು ಬಗೆಯ ಕವರು ಸ್ಯಾಂಪಲ್ಲಿಗೆ ಹಿಡಿದುಕೊಂಡು ಬಂದರು. ನಡುಮನೆಯಲ್ಲಿ ಚಾಪೆ ಹಾಸಿ ಟ್ರಂಕಿನಿಂದ ಒಂದೊಂದೇ ಪ್ಲೇಟು ತೆಗೆದು ಜೋಡಿಸಿದೆವು. ಜಯಣ್ಣ ಮೂಗಿನ ತುದಿಗೆ ಕನ್ನಡಕ ಇಳಿಸಿ ನೋಡಿದರು. ಅವರ ಮುಖ ಹುಳಿ ಕಚ್ಚಿದವರಂತಾಯಿತು.

"ಯಾರ್ ಮೇಡಂ ಈ ಕೆಲ್ಸ ಮಾಡಿರೋದು? ಮೇಜಿಗೆ ಹಾಸೋ ಶೀಟು ಇದು. ಇದನ್ನ ಹಾಕೋ ಬದ್ಲು ಹಂಗೇ ಬಿಟ್ಟಿದ್ರೂ ಚೆನ್ನಾಗಿರೋವು. ಎಂಥೆಂಥ ಪ್ಲೇಟು ಇವು. ತಿಳುವಳಿಕೆ ಇಲ್ದೋರ ಕೈಗೆ ಸಿಕ್ಕಿ ಹಾಳಾಗಿವೆ."

ಆಗ ನನಗೆ ಸಿಟ್ಟು ಬರಬೇಕಿತ್ತು. ಕೊರಿಯರಿನವನ ಮೇಲೆ ಬಂದ ಸಿಟ್ಟು, ಫೋನಿನ ಹುಡುಗಿಯ ಮೇಲೆ ಬಂದ ಸಿಟ್ಟು ಆಗ ಎಲ್ಲಿ ಹೋಗಿತ್ತೋ. ನಾನು ತಲೆಯಾಡಿಸಿದೆ. "ಹೌದು ಜಯಣ್ಣ, ನಮ್ಮಪ್ಪಂಗೆ ಗೊತ್ತಾಗ್ಲಿಲ್ಲ" ಎಂದೆ. ಅಷ್ಟೇ ಅಲ್ಲ, ಸ್ವಲ್ಪ ನಕ್ಕೆ ಕೂಡ.

ಒಳಗಿನ ಕೋಣೆಯ ಮಂಚದಿಂದ ಅವ್ವನ ಧ್ವನಿ ಬಂತು. "ಗೊತ್ತಿದ್ದೇ ಮಾಡಿದ್ದು ಕಣೆ."

ಅವ್ವನಿಗೆ ನಾವು ಊಟಕ್ಕೆ ಕರೆದದ್ದು ಕೇಳಿಸುವುದಿಲ್ಲ. ಅಪ್ಪನ ಬಗ್ಗೆ ಪಿಸುಗುಟ್ಟಿದರೂ ಕೇಳಿಸುತ್ತದೆ. ಗೋಡೆ ಹಿಡಿದುಕೊಂಡು ನಿಧಾನಕ್ಕೆ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಳು. ಜಯಣ್ಣನನ್ನು ಹತ್ತಾರು ಸಲ ನೋಡಿದ್ದರೂ ಹೊಸಬರನ್ನು ಕೇಳುವಂತೆ ಕೇಳಿದಳು.

"ಯಾವೂರಪ್ಪ ನಿಂದು? ತರೀಕೆರೇನೇಯ?"

"ಮಂಡಿ ಇಲ್ಲಿ ಅವ್ವಾ. ನಮ್ಮೂರು ಶಿವನಿ. ಸ್ಟೇಷನ್ ಕಡೆಯಿಂದ ಬಂದ್ರೆ ದೊಡ್ಡ ಜಗಲಿ ಮನೆ."

"ಆ ಮನೇಗೂ ಬಂದಿದ್ವಿ. ನಿಮ್ ಚಿಕ್ಕಪ್ಪನ ಮದ್ವೆ. ಮೂರ್ ದಿನ ನಮ್ದೇ ಸೆಟ್ಟು."

ಜಯಣ್ಣನ ಮುಖ ಅರಳಿತು. "ಹೌದಾ? ಹಂಗಾದ್ರೆ ಈ ಪ್ಲೇಟೆಲ್ಲ ನಮ್ಮನೇಲಿ ಹಾಡಿವೆ ಅನ್ನಿ."

"ಹಾಡವೆ. ನೀರೂ ಕುಡ್ದವೆ."

ನಮ್ಮಿಬ್ಬರಿಗೂ ಅರ್ಥವಾಗಲಿಲ್ಲ. ಅವ್ವ ಹೇಳಿದಳು. ಸೊಪ್ಪು ಸೋಸುತ್ತ ಹೇಳುವ ಧಾಟಿಯಲ್ಲೇ ಹೇಳಿದಳು. ಧ್ವನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

"ಯಾವ್ ಹಾಡು ಬೇಕು ಅಂತ ಆರ್ಸಾಕೆ ಪ್ಲೇಟೆಲ್ಲ ಒಳಕ್ಕೆ ತರ್ಸೋರು. ಕೈಗ್ ಕೊಡಂಗಿಲ್ಲ. ಜಗಲಿ ತುದೀಲಿ ಮಡಗಿ ಇತ್ಲಾಗ್ ಬಂದ್ಬಿಡ್ಬೇಕು. ಒಳಗಿಂದ ಚೊಂಬು ತಂದು ಮ್ಯಾಲೆ ನೀರ್ ಚಿಮುಕ್ಸಿ ಆಮ್ಯಾಕೆ ಎತ್ಕಳೋರು, ಮೈಲಿಗೆ ಹೋಗ್ಲಿ ಅಂತ. ಒಂದ್ ಮನೆ ಅಂತಲ್ಲ, ಎಲ್ಲ ಮನೇಲೂ ಅಷ್ಟೇಯ. ರಟ್ಟು ನೆಂದು ಉಬ್ಕಳೋದು. ಅಂಟು ಬಿಟ್ಕಳೋದು. ನಿಮ್ಮನೇಲಿ ಇವರಪ್ಪ ಬಾಯ್ಬಿಟ್ಟು ಕೇಳ್ದ, ನೀರ್ ಬ್ಯಾಡ ಸ್ವಾಮಿ, ಹಾಳಾಯ್ತವೆ ಅಂತ. ಹಂಗಾದ್ರೆ ಬ್ಯಾರೆ ಸೆಟ್ನೋರ್ನ ಕರೀತೀವಿ ಬಿಡು ಅಂದ್ರು. ಸುಮ್ನಾದ. ಮನೇಗ್ ಬಂದು ಎಲ್ಡ್ ದಿನ ಮಾತಾಡ್ಲಿಲ್ಲ. ಮೂರ್ನೇ ದಿನ ಬೀರೂರಿಗೋಗಿ ಆ ಶೀಟು ತಂದ. ನೀರ್ ಹಾಕೋರು ಹಾಕ್ಲಿ, ಪ್ಲೇಟ್ ನೆನೀಬಾರ್ದು ಅಂದ."

ಬೀರೂರಿನ ಶೀಟು ನನಗೆ ಚೆನ್ನಾಗಿ ನೆನಪಿದೆ. ಸುರುಳಿ ಸುತ್ತಿ ಬಸ್ಸಿನ ಮೇಲೆ ಹಾಕಿಕೊಂಡು ತಂದಿದ್ದ. ಅಪ್ಪ ಅದನ್ನು ಜಗಲಿಯ ಮೇಲೆ ಹಾಸಿ, ರಟ್ಟಿನ ಅಳತೆಗೆ ಮಡಿಚಿ, ಅಂಚಿಗೆ ಗರಗಸದ ಹಳೆಯ ಬ್ಲೇಡು ಇಟ್ಟು, ಬ್ಲೇಡಿನ ಪಕ್ಕ ಮೇಣದ ಬತ್ತಿ ಆಡಿಸುತ್ತಿದ್ದ. ಎರಡು ಪದರ ಕರಗಿ ಒಂದಾಗುತ್ತಿದ್ದವು. ಬತ್ತಿ ಒಂದು ಕೂದಲು ಹತ್ತಿರ ಹೋದರೆ ತೂತು, ಒಂದು ಕೂದಲು ದೂರವಾದರೆ ಅಂಟದು. ಶೀಟು ಅಲುಗದಂತೆ ನಾನು ಎರಡು ಕೈಯಲ್ಲೂ ಒತ್ತಿ ಹಿಡಿಯಬೇಕು. ಕರಗಿದ ಪ್ಲಾಸ್ಟಿಕ್ಕಿನ ಹೊಗೆಗೆ ಕಣ್ಣುರಿಯುತ್ತಿತ್ತು. ಮುಗಿದ ಕವರಿಗೆ ಅಪ್ಪ ಒಂದು ಚೊಂಬು ನೀರು ಹುಯ್ದು, ಎತ್ತಿ ಹಿಡಿದು, ಎಲ್ಲಾದರೂ ಸೋರುತ್ತದೆಯೋ ಎಂದು ನೋಡುತ್ತಿದ್ದ. ಒಂದು ತೊಟ್ಟು ಸೋರಿದರೂ ಆ ಕವರನ್ನು ಅತ್ತ ಎಸೆಯುತ್ತಿದ್ದ. ಮಳೆಗೆ ಎಂದುಕೊಂಡಿದ್ದೆ. ಮಳೆಯಲ್ಲಿ ಮದುವೆ ಯಾರು ಮಾಡುತ್ತಾರೆ ಎಂದು ಕೇಳುವಷ್ಟು ಬುದ್ಧಿ ಒಂಬತ್ತು ವರ್ಷದವಳಿಗೆ ಇರಲಿಲ್ಲ. ಅರುವತ್ತು ದಾಟಿದವಳಿಗೂ ಇರಲಿಲ್ಲವಲ್ಲ, ಅದಕ್ಕೇನು ಹೇಳಲಿ?

ಇನ್ನೊಂದು ಸಂಗತಿ ಇದೆ. ಶಿವನಿಯ ಆ ಮದುವೆಗೆ ನಾನೂ ಹೋಗಿದ್ದೆ. ಅಜ್ಜಂಪುರದಲ್ಲಿ ರೈಲು ಹತ್ತಿ, ಟ್ರಂಕಿನ ಮೇಲೆ ಕೂತು ಹೋದದ್ದು. ಚಪ್ಪರದ ಕಂಬದ ಹತ್ತಿರ ನಮ್ಮ ಪೆಟ್ಟಿಗೆ, ಅದರ ಪಕ್ಕ ನಾನು. ಅಪ್ಪ ಪ್ಲೇಟುಗಳನ್ನು ಜಗಲಿಯ ತುದಿಯಲ್ಲಿಟ್ಟು ಹಿಂದೆ ಸರಿದದ್ದು ಕಂಡೆ. ರೇಷ್ಮೆ ಸೀರೆಯ ಒಬ್ಬ ಹೆಂಗಸು ಫಳಫಳ ಹೊಳೆಯುವ ಹಿತ್ತಾಳೆ ಚೊಂಬು ಹಿಡಿದು ಬಂದು, ಬೆರಳದ್ದಿ, ಪ್ಲೇಟುಗಳ ಮೇಲೆ ಮೂರು ಸಲ ನೀರು ಚಿಮುಕಿಸಿದ್ದೂ ಕಂಡೆ. ದೇವರ ಮುಂದಿನ ಹಣ್ಣುಕಾಯಿಗೆ ಹಾಗೆ ಚಿಮುಕಿಸುವುದನ್ನು ಗುಡಿಯ ಹೊರಗೆ ನಿಂತು ನೋಡಿದ್ದೆನಲ್ಲ, ನಮ್ಮ ಪ್ಲೇಟಿಗೆ ಪೂಜೆ ಮಾಡುತ್ತಿದ್ದಾರೆ ಎಂದುಕೊಂಡೆ. ಎದೆ ಉಬ್ಬಿಹೋಯಿತು. ಊರಿಗೆ ಬಂದ ಮೇಲೆ ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿದೆ: ನಮ್ಮಪ್ಪನ ಪ್ಲೇಟಿಗೆ ದೊಡ್ಡಮನೆಯವರು ಪೂಜೆ ಮಾಡಿ ಒಳಗೆ ತಗೊಂಡು ಹೋಗ್ತಾರೆ ಎಂದು. ಮೇಷ್ಟ್ರು ಕೇಳಿಸಿಕೊಂಡರು. ಕಿಟಕಿಯ ಹೊರಗೆ ನೋಡಿದರು. ಆ ಮೇಷ್ಟ್ರು ಯಾಕೆ ಹಾಗೆ ನೋಡಿದರು ಎಂದು ನನಗೆ ಗೊತ್ತಾದದ್ದು ಮೊನ್ನೆಯ ಆ ಭಾನುವಾರ, ಚಾಪೆಯ ಮೇಲೆ ಕೂತಾಗ.

ಅದೇ ಹೊತ್ತಿಗೆ ಜಯಣ್ಣ, ಸಮಾಧಾನ ಹೇಳಬೇಕೆಂದೇ ಇರಬೇಕು, ಮೆತ್ತಗೆ ಹೇಳಿದರು.

"ಅವೆಲ್ಲ ಆಗಿನ ಕಾಲ ಅಲ್ವಾ ಅವ್ವಾ. ಹಳೇ ಜನ. ಈಗ ಯಾರ್ ಮಾಡ್ತಾರೆ, ಬಿಡಿ."

"ಯಾರ್ ಬಿಡ್ಬೇಕು ಜಯಣ್ಣ?" ಎಂದೆ.

"ಅಲ್ಲ ಮೇಡಂ, ನಾನಾಗ ಎದೆಹಾಲು ಕುಡಿಯೋ ಕೂಸು. ನಂಗೂ ಅದಕ್ಕೂ ಏನ್ ಸಂಬಂಧ? ನಾನು ನಿಮ್ಮನೇಲಿ ಟೀ ಕುಡಿಯೋನಲ್ವಾ? ಎಷ್ಟ್ ವರ್ಷದಿಂದ ಕುಡೀತಿದೀನಿ."

ಈ ಮಾತನ್ನು ನಾನು ಆಮೇಲೆ ಎಷ್ಟೋ ಸಲ ನನ್ನೊಳಗೇ ತಿರುಗಿಸಿ ನೋಡಿದ್ದೇನೆ. ಅದರಲ್ಲಿ ಕೆಟ್ಟದ್ದೇನೂ ಅವರ ಮನಸ್ಸಿನಲ್ಲಿ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಉರಿಸಿದ್ದು. ನಾನು ಸ್ನೇಹಿತರಿಗೆ ಟೀ ಮಾಡಿಕೊಟ್ಟೆ ಎಂದುಕೊಂಡಿದ್ದೆ. ಅವರು ಪ್ರತಿ ಸಲವೂ ಒಂದು ಔದಾರ್ಯ ಕುಡಿದು ಹೋಗುತ್ತಿದ್ದರು.

"ನಿಮ್ಮನೇಲಿ ನಾನೂ ಟೀ ಕುಡಿದಿದೀನಿ" ಎಂದೆ. "ಕುಡಿದೆ ಅಂತ ಯಾವತ್ತಾದ್ರೂ ನಿಮಗೆ ನೆನಪು ಮಾಡಿದ್ನಾ? ನಿಮ್ಮ ರಕ್ತ ಎಷ್ಟ್ ಸಲ ಮುಟ್ಟಿದೀನಿ, ಅದನ್ನ ಹೇಳಿದ್ನಾ? ಈಗಷ್ಟೇ ನಮ್ಮಪ್ಪಂಗೆ ತಿಳುವಳಿಕೆ ಇಲ್ಲ ಅಂದ್ರಿ. ಆ ಮಾತು ಎಷ್ಟ್ ಸಲೀಸಾಗಿ ಬಂತು. ನಿಮ್ಮನೆಯೋರ ತಿಳುವಳಿಕೆ ಬಗ್ಗೆ ಒಂದ್ ಮಾತು ಹೇಳಿ ನೋಡಣ. ಅದಕ್ಕೆ ಆಗಿನ ಕಾಲ, ಹಳೇ ಜನ. ಇದಕ್ಕೆ ಮಾತ್ರ ತಿಳುವಳಿಕೆ ಇಲ್ಲ."

"ಸಿಟ್ಟು ಮಾಡ್ಕೋಬೇಡಿ ಮೇಡಂ."

"ಮಾಡ್ಕತೀನಿ. ಇವತ್ತು ಹೋಗಿ ಜಯಣ್ಣ."

ಅವರು ಎದ್ದರು. ತಂದಿದ್ದ ಕವರಿನ ಚೀಲವನ್ನು ಚಾಪೆಯ ಮೇಲೇ ಬಿಟ್ಟು ಚಪ್ಪಲಿ ಮೆಟ್ಟಿದರು. ನಮ್ಮನೆಯವರು ಗೇಟಿನವರೆಗೆ ಹೋಗಿ ಕಳುಹಿಸಿ ಬಂದರು. ಬುದ್ಧನ ಪಟದ ಕಡೆ ನೋಡಲಿಲ್ಲ. ನೋಡಿದ್ದರೆ ಅವತ್ತು ಆ ಪಟವನ್ನೇ ಇಳಿಸಿಬಿಡುತ್ತಿದ್ದೆನೋ ಏನೋ.

"ಮನೇಗ್ ಬಂದೋರ್ನ ಎದ್ದೋಗು ಅಂತಾರೇನೆ?" ಎಂದಳು ಅವ್ವ.

ಆ ಸಿಟ್ಟು ಈಗ ಅವ್ವನ ಮೇಲೆ ತಿರುಗಿತು. "ಇಷ್ಟ್ ವರ್ಷ ಯಾಕವ್ವ ಹೇಳ್ಲಿಲ್ಲ? ಪೂಜೆ ಮಾಡ್ತಾರೆ ಅಂತ ಊರ್ ತುಂಬಾ ಹೇಳ್ಕಂಡು ಬಂದ್ನಲ್ಲ."

"ಗೊತ್ತು. ನಿಮ್ಮಪ್ಪನ ಹತ್ರಾನೂ ಹಂಗೇ ಹೇಳ್ದೆ. ಆವಯ್ಯ ನನ್ ಕಡೆ ನೋಡಿ ಕಣ್ಣಲ್ಲೇ ಬ್ಯಾಡ ಅಂದ. ಖುಷಿಯಾಗೈತೆ ಮಗ, ಇರ್ಲಿ ಬಿಡು ಅಂತ ಆಮೇಲೆ ಹೇಳ್ದ. ಇರ್ಲಿ ಅಂತ ನಾನೂ ಬಿಟ್ಟೆ."

ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡುತ್ತ ತೊಳೆದೆ. ತೊಳೆದಿದ್ದ ಪಾತ್ರೆಗಳೇ ಅವು.

ಬೇರೆಯವರ ಮೇಲಿನ ಸಿಟ್ಟು ಒಂದೆರಡು ದಿನಕ್ಕೆ ಹದಕ್ಕೆ ಬರುತ್ತದೆ. ನನ್ನ ಮೇಲಿನದು ಬರಲಿಲ್ಲ. ಕಡೂರಿನಲ್ಲಿ ಕೆಲಸಕ್ಕೆ ಸೇರಿದಾಗ ಜೊತೆಯವರು "ನಿಮ್ ತಂದೆ ಏನ್ ಮಾಡ್ತಾರೆ?" ಎಂದರೆ "ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್" ಎನ್ನುತ್ತಿದ್ದೆ. ಮೈಕ್ ಸೆಟ್ಟು ಎಂದರೆ ಯಾವ ಕೇರಿ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ ಎಂದು ಹೆದರಿಕೆ. ಅದೇ ಕಡೂರಿನಲ್ಲಿ ಬಾಡಿಗೆಗೆ ಮನೆ ನೋಡಲು ಹೋದಾಗ, ಯಜಮಾನಿ ಎಲ್ಲ ತೋರಿಸಿ, ನಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದೂ ಹೇಳಿ, ಬಾಗಿಲಲ್ಲಿ "ನೀವು ಯಾವ ಕಡೆಯೋರಮ್ಮ?" ಎಂದರು. ಹೇಳಿದೆ. ಒಳಗೆ ಹೋಗಿ ಬಂದು, ಮರೆತಿದ್ದೆ, ನಮ್ಮ ತಂಗಿ ಮಗನಿಗೆ ಕೊಡುವುದಾಗಿ ಹೇಳಿಬಿಟ್ಟಿದ್ದೇವೆ ಎಂದರು. ಆ ಮನೆಗೆ ಆರು ತಿಂಗಳು ಬೀಗ ಬಿದ್ದಿತ್ತು; ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಇತ್ತು, ದಿನಾ ನೋಡುತ್ತಿದ್ದೆ. ಯಜಮಾನಿ ಮುಂದೊಂದು ದಿನ ರಕ್ತ ಪರೀಕ್ಷೆಗೆ ಬಂದು ನನ್ನ ಮುಂದೆ ಕೈ ಚಾಚಿ ಕೂತರು. ನರ ಸಿಗುವುದು ಕಷ್ಟವಿತ್ತು. ನೋಯದ ಹಾಗೆ ತೆಗೆದೆ. "ನಿಮ್ ಕೈ ಗುಣ ಚೆನ್ನಾಗಿದೆ" ಎಂದು ಹೊಗಳಿ ಹೋದರು. ನಾನು ಥ್ಯಾಂಕ್ಸ್ ಎಂದೆ. ಆ ಥ್ಯಾಂಕ್ಸು ನೆನಪಾದರೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ. ಆಗಿನ ಕಾಲ ಎಂದರಲ್ಲ ಜಯಣ್ಣ, ಆ ಕಾಲ ಯಾವಾಗ ಮುಗಿಯಿತು ಎಂದು ಅವರಿಗೇ ಗೊತ್ತಿರಬೇಕು.

ಈ ನಡುವೆ ಕೆಲಸ ನಿಲ್ಲಿಸಲಿಲ್ಲ. ಪ್ಲೇಟುಗಳನ್ನು ಒಂದೊಂದಾಗಿ ನೋಡಿದೆ. ಕವರಿಲ್ಲದ ಕಾಲದಲ್ಲಿ ಕೊಂಡವು ಒಂದಷ್ಟು ಇದ್ದವು. ಅವುಗಳ ರಟ್ಟಿನ ಮೇಲೆ ಕಂದು ಬಣ್ಣದ ಹನಿ ಹನಿ ಕಲೆ, ಅಂಚು ಉಬ್ಬಿ ಪದರ ಬಿಟ್ಟದ್ದು, ಒಳಗಿನ ಕಾಗದಕ್ಕೆ ಬೂಷ್ಟು. ಕವರು ಹಾಕಲು ಶುರುಮಾಡಿದ ಮೇಲೆ ಕೊಂಡವುಗಳ ಬಣ್ಣ ಹೋಗಿದೆ, ಚಿತ್ರ ಕಿತ್ತಿದೆ. ಆದರೆ ಒಂದರ ಮೇಲೂ ನೀರಿನ ಕಲೆಯಿಲ್ಲ. ಒಂದೇ ಒಂದರ ಮೇಲೂ. ಭೂತಗನ್ನಡಿ ಹಿಡಿದು ನೋಡಿದ್ದೇನೆ. ಲ್ಯಾಬಿನವಳ ಕಣ್ಣು ಇದು. ಬಣ್ಣ ತಿನ್ನುತ್ತದೆ ಎಂದು ಅಪ್ಪನಿಗೆ ಹೇಳುವವರು ಯಾರೂ ಇರಲಿಲ್ಲ. ನೀರು ತಡೆಯಬೇಕಿತ್ತು, ತಡೆದ.

ಯಾವ ಕವರು ಎಂಬುದು ಕೊನೆಗೂ ತೀರ್ಮಾನವಾಯಿತು. ಪಾಲಿಪ್ರೊಪಿಲೀನಿನದು, ಬಾಯಿ ತೆರೆದದ್ದು, ಅಂಟಿಲ್ಲದ್ದು, ರಟ್ಟಿಗಿಂತ ಕಾಲಿಂಚು ಸಡಿಲ. ಅದು ಜಯಣ್ಣ ಬಿಟ್ಟುಹೋದ ಚೀಲದಲ್ಲಿದ್ದ ನಾಲ್ಕರಲ್ಲಿ ಒಂದು. ಅದೇ ಸರಿಯಾದದ್ದು ಎಂದು ಮೊದಲ ದಿನವೇ ಗೊತ್ತಾಗಿತ್ತು. ಒಪ್ಪಿಕೊಳ್ಳಲು ಎರಡು ವಾರ ತೆಗೆದುಕೊಂಡೆ. ದೊಡ್ಡದಕ್ಕೂ ಚಿಕ್ಕದಕ್ಕೂ ಬೇರೆ ಬೇರೆ ಅಳತೆ ಬರೆದು ನಾನೇ ತರಿಸಿದೆ. ಆದರೆ ಹಳೆಯದನ್ನು ಬಿಡಿಸದೆ ಹೊಸದನ್ನು ಹಾಕುವುದು ಹೇಗೆ? ಬ್ಲೇಡಿನಲ್ಲಿ ಅಂಚು ಸೀಳಿ, ಒಂದು ಕೈಯಲ್ಲಿ ರಟ್ಟು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ಕನ್ನು ಬೆರಳಗಲದಷ್ಟು ಎಳೆದು, ನಿಲ್ಲಿಸಿ, ಮತ್ತೆ ಎಳೆಯಬೇಕು. ಎರಡು ಕೈ ಸಾಲದು. ಅವ್ವನ ಕೈ ನಡುಗುತ್ತದೆ. ನಮ್ಮನೆಯವರು ಎಳೆದರೆ ಗೇಟು ಎತ್ತಿದಂತೆ ಎಳೆಯುತ್ತಾರೆ.

ಆ ಜಗಳವಾದ ನಾಲ್ಕನೆಯ ಭಾನುವಾರ ಗೇಟಿನ ಸದ್ದಾಯಿತು. ಜಯಣ್ಣ ನಿಂತಿದ್ದರು. ಒಳಗೆ ಬನ್ನಿ ಎಂದು ನಾನು ಹೇಳಲಿಲ್ಲ. ಬಾಗಿಲಲ್ಲೇ ನಿಂತು ಅವರು ಹೇಳಿದರು.

"ನಮ್ಮವ್ವನ್ನ ಕೇಳ್ದೆ ಮೇಡಂ. ಶಿವನಿಗೆ ಹೋಗಿದ್ದೆ."

"ಏನಂದ್ರು?"

"ನೀರು ಹಾಕೋದು ಮನೆ ಸೊಸೇರ ಕೆಲ್ಸ ಆಗಿತ್ತಂತೆ. ಆ ಮದ್ವೇಲಿ ನಾನೇ ಹಾಕಿರ್ಬೇಕು ಅಂದ್ರು. ನೆನಪಿಲ್ಲ ಅಂದ್ರು."

ಹಿತ್ತಾಳೆ ಚೊಂಬಿನ ಹೊಳಪು ನನಗೆ ನೆನಪಿದೆ. ಆಕೆಯ ಸೀರೆಯ ಅಂಚು ನೆನಪಿದೆ, ಕೆಂಪು. ನೀರು ಹಾಕಿಸಿಕೊಂಡವರ ಮಗಳು ಐವತ್ತು ವರ್ಷ ಅದನ್ನು ಪೂಜೆ ಎಂದು ಎತ್ತಿಟ್ಟುಕೊಂಡಿದ್ದಾಳೆ, ಹಾಕಿದವರಿಗೆ ನೆನಪೇ ಇಲ್ಲ. ನಾನು ಏನು ಹೇಳುತ್ತಿದ್ದೆನೋ, ಅಷ್ಟರಲ್ಲಿ ಹಿಂದಿನಿಂದ ಅವ್ವ ಹೇಳಿದಳು.

"ನಿಮ್ಮವ್ವ ಇನ್ನೂ ಅವಳಾ? ಚೆನ್ನಾಗವಳಾ?"

"ಇದಾರೆ ಅವ್ವಾ. ಎದ್ದು ಓಡಾಡೋಕಾಗಲ್ಲ."

"ಅವಳಿಗೆ ನೆನಪಿಲ್ಲದೇ ಹೋದ್ರೆ ಹೋಗ್ಲಿ. ನಂಗೈತೆ."

ಜಯಣ್ಣ ನನ್ನ ಕಡೆ ತಿರುಗಿದರು. "ಸಿಟ್ಟು ಬಿಡಿ ಅಂತ ಕೇಳೋಕೆ ಬಂದಿಲ್ಲ ಮೇಡಂ. ನಿಮ್ಮ ತಂದೆ ಬಗ್ಗೆ ಹಂಗ್ ಮಾತಾಡ್ಬಾರ್ದಾಗಿತ್ತು. ತಪ್ಪಾಯ್ತು. ಆ ಕವರ್ ಬಿಡ್ಸೋದು ಒಬ್ರ ಕೈಲಿ ಆಗೋ ಕೆಲ್ಸ ಅಲ್ಲ. ನಾನ್ ಹಿಡ್ಕತೀನಿ, ನೀವ್ ಎಳೀರಿ."

ಬೇಡ ಎನ್ನಬಹುದಿತ್ತು. ಅನ್ನಬೇಕೆಂದು ಬಾಯಿಯವರೆಗೂ ಬಂತು. ಆದರೆ ಪ್ಲೇಟುಗಳು ನೂರಾ ನಲವತ್ತಿದ್ದವು. ದಾರಿ ಬಿಟ್ಟೆ.

ಮಧ್ಯಾಹ್ನದವರೆಗೆ ಎದುರು ಬದುರು ಕೂತು ಕೆಲಸ ಮಾಡಿದೆವು. ಮಾತೆಂದರೆ "ಮೆತ್ತಗೆ", "ನಿಲ್ಲಿ", "ಹೂಂ", ಇಷ್ಟೇ. ಪ್ಲಾಸ್ಟಿಕ್ಕು ಚರ್ಮ ಸುಲಿದಂತೆ ಬರುತ್ತಿತ್ತು. ಬಣ್ಣ ಕಿತ್ತುಬಂದಾಗಲೆಲ್ಲ ಜಯಣ್ಣ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಬಿಡಿಸಿದ ಕವರುಗಳನ್ನು ಅವ್ವ ತನ್ನ ಕುರ್ಚಿಯ ಕೆಳಗೆ ಹಾಕಿಸಿಕೊಂಡು, "ಕಸದ ಗಾಡಿಗೆ ಹಾಕು, ಇವನ್ನೇನು ಇಟ್ಕಂಡು ನೋಡ್ತಾ ಕೂರ್ತೀಯ?" ಎಂದಳು. ನಾನು ಹೂಂ ಎಂದೆ. ಹಾಕಿಲ್ಲ. ಹಾಕುವುದೂ ಇಲ್ಲ.

ಮೊದಲ ಪ್ಲೇಟು ಪೂರ್ತಿ ಬಿಡುಗಡೆಯಾದಾಗ ಜಯಣ್ಣ ಅದನ್ನು ಎರಡು ಅಂಗೈಗಳ ನಡುವೆ ಹಿಡಿದು, ಒಣ ಬಟ್ಟೆಯಲ್ಲಿ ಒರೆಸಿದರು. ನಾನು ಹೊಸ ಕವರು ಬಿಡಿಸಿಕೊಂಡು ಕಾಯುತ್ತಿದ್ದೆ. ಅವರು ಸಹಜವಾಗಿ, ಏನೂ ಯೋಚಿಸದೆ, ಪ್ಲೇಟನ್ನು ನನ್ನ ಮುಂದೆ ಚಾಪೆಯ ಮೇಲೆ ಇಡಲು ಬಗ್ಗಿದರು.

"ಕೆಳಗಿಡ್ಬೇಡಿ" ಎಂದೆ. ನನಗೇ ಕೇಳಿ ಗಾಬರಿಯಾಗುವಷ್ಟು ಗಡಸಾಗಿತ್ತು ಧ್ವನಿ. "ಕೈಗೆ ಕೊಡಿ."

ಜಯಣ್ಣ ಬಗ್ಗಿದವರು ಹಾಗೇ ನಿಂತರು. ಅರ್ಥವಾಯಿತು. ಮುಖ ಕಪ್ಪಿಟ್ಟಿತು. ನೆಟ್ಟಗೆ ಕೂತು ಎರಡೂ ಕೈ ಚಾಚಿ ಕೊಟ್ಟರು. ತೆಗೆದುಕೊಂಡೆ. ಆ ಭಾನುವಾರ ಹದಿನೇಳು ಪ್ಲೇಟು ಮುಗಿದವು; ಹದಿನೇಳನ್ನೂ ಕೈಗೇ ಕೊಟ್ಟರು.

ಅವರು ಹೋದ ಮೇಲೆ ನಮ್ಮನೆಯವರು ಕೇಳಿದರು, "ಸಿಟ್ಟು ಹೋಯ್ತಾ?"

"ಇಲ್ಲ" ಎಂದೆ. "ಮುಂದಿನ ವಾರಾನೂ ಬರೋಕೆ ಹೇಳಿದೀನಿ."